ಅಲೆಗ್ಸಾಂಡ್ರಿಯದ ದೀಪಸ್ತಂಭ ಬಿದ್ದುದು ಹೇಗೆ?

ಇಲವಾಲದಂತಹ ಒಳನಾಡಿನಲ್ಲಿರುವ ನಮಗೆ ದೀಪಸ್ತಂಭವೆಂದೊಡನೆ ನೆನಪಾಗುವುದು ಕಾಪುವಿನದು. ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಆ ಗೋಪುರ ಇಂದಿಗೂ ನಿಂತಿದೆ. ಆದರೆ ದೀಪಸ್ತಂಭಗಳಿಗೆಲ್ಲ ಹಿರಿಯಣ್ಣನಾದ, ಈಜಿಪ್ಟಿನ ಅಲೆಗ್ಸಾಂಡ್ರಿಯ ಬಂದರಿನ ಗೋಪುರ ಈಗಿಲ್ಲ. ಭೂಕಂಪ ಅದನ್ನು ಕೆಡವಿತೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದುಂಟು. ಅದು ನಿಜ, ಆದರೆ ಅರ್ಧ ನಿಜ.

ಕ್ರಿ. ಪೂ. 280ರ ಸುಮಾರಿನಲ್ಲಿ, ಟಾಲೆಮಿ ಅರಸರ ಕಾಲದಲ್ಲಿ ಅದನ್ನು ಕಟ್ಟಿದರು. ಕೆಳಗೆ ಚೌಕ, ನಡುವೆ ಎಂಟು ಮೂಲೆ, ಮೇಲೆ ದುಂಡು—ಹೀಗೆ ಮೂರು ಹಂತ. ಎತ್ತರ 100 ಮೀಟರಿಗೂ ಹೆಚ್ಚೆಂದು ಎಣಿಕೆ. ಅಷ್ಟೆತ್ತರವೇಕೆ? ಭೂಮಿ ಗುಂಡಾಗಿರುವುದರಿಂದ 10 ಮೀಟರ್ ಎತ್ತರದ ದೀಪ, ಸಮುದ್ರಮಟ್ಟದಲ್ಲಿರುವ ಕಣ್ಣಿಗೆ ಸುಮಾರು 11 ಕಿಲೋಮೀಟರಿನಾಚೆ ಮರೆಯಾಗುತ್ತದೆ. 100 ಮೀಟರ್ ಎತ್ತರದ ದೀಪವಾದರೋ 36 ಕಿಲೋಮೀಟರಿನವರೆಗೂ ಕಾಣುತ್ತದೆ.

ಆದರೆ ಎತ್ತರಕ್ಕೆ ಬೆಲೆ ತೆರಬೇಕು. ನೆಲ ಹಠಾತ್ತನೆ ಪಕ್ಕಕ್ಕೆ ಸರಿದಾಗ ಗೋಪುರದ ಬುಡವೂ ಜೊತೆಗೆ ಸರಿಯುತ್ತದೆ. ತಲೆಭಾಗ ಜಡತ್ವದಿಂದಾಗಿ ಇದ್ದಲ್ಲೇ ಇರಬಯಸುತ್ತದೆ. ಆಗ ಗೋಪುರ ಬಾಗಿ, ಒಂದು ಮಗ್ಗುಲು ಒತ್ತಡಕ್ಕೂ ಇನ್ನೊಂದು ಮಗ್ಗುಲು ಎಳೆತಕ್ಕೂ ಸಿಲುಕುತ್ತದೆ. ಕಲ್ಲುಗೋಡೆ ಒತ್ತಡವನ್ನು ತಾಳಬಲ್ಲುದು, ಎಳೆತವನ್ನಲ್ಲ. ಸಂದುಗಳು ಬಿಡುತ್ತವೆ, ಕಲ್ಲುಗಳು ಜರುಗುತ್ತವೆ.

ವಾಚಕರು ಇದನ್ನು ಮನೆಯಲ್ಲಿಯೇ ನೋಡಬಹುದು. ಮೇಜಿನ ಮೇಲೆ ಕಾಗದ ಹಾಸಿ, ಆರು ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದಿಟ್ಟು, ಕಾಗದವನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿರಿ. ಸಾಲು ಬೀಳದಿರಬಹುದು, ಆದರೆ ಪೊಟ್ಟಣಗಳು ಕೊಂಚ ಜರುಗಿರುತ್ತವೆ, ತಾವಾಗಿ ಮೊದಲಿನ ಸ್ಥಾನಕ್ಕೆ ಮರಳುವುದಿಲ್ಲ. ಸರಿಪಡಿಸದೆ ಮತ್ತೆ ಮತ್ತೆ ಅಲುಗಿಸಿದರೆ, ಮೊದಲು ತಾಳಿದ್ದ ಕಂಪಕ್ಕೇ ಸಾಲು ಉರುಳುತ್ತದೆ. ನಡುನಡುವೆ ಸರಿಪಡಿಸುತ್ತಿದ್ದರೆ ಬಹುಕಾಲ ನಿಲ್ಲುತ್ತದೆ.

ಅಲೆಗ್ಸಾಂಡ್ರಿಯದಲ್ಲಿ ನಡೆದುದೂ ಇದೇ. ಕ್ರಿ. ಶ. 956ರ ಕಂಪದಿಂದ ಗೋಪುರಕ್ಕೆ ಪೆಟ್ಟಾಯಿತು. 1303 ಮತ್ತು 1323ರ ಕಂಪಗಳು ಇನ್ನಷ್ಟು ಹಾನಿ ಮಾಡಿದವು. ಹಿಂದಿನ ಅರಸರು ಹಲವು ಸಲ ದುರಸ್ತಿ ಮಾಡಿಸಿದ್ದರಿಂದಲೇ ಅದು 1500 ವರ್ಷಗಳಿಗೂ ಮಿಕ್ಕಿ ಬಾಳಿತು. 1326ರಲ್ಲಿ ಅದನ್ನು ಕಂಡ ಪ್ರವಾಸಿ ಇಬ್ನ್ ಬತೂತ, ಒಂದು ಮೈ ಕುಸಿದಿತ್ತೆಂದು ಬರೆದಿದ್ದಾನೆ, ಆಗಿನ್ನೂ ಒಳಹೋಗಬಹುದಾಗಿತ್ತು. ಮುಂದೆ ಅವನು ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ನೋಡಿಕೊಂಡು 1349ರಲ್ಲಿ ಹಿಂದಿರುಗಿದಾಗ ಬಾಗಿಲವರೆಗೆ ಏರುವುದೂ ಅಸಾಧ್ಯವಾಗಿತ್ತು. ಸುಲ್ತಾನನು ಪಕ್ಕದಲ್ಲಿ ಅಂತಹುದೇ ಹೊಸ ಗೋಪುರ ಕಟ್ಟಿಸತೊಡಗಿ, ಮುಗಿಸುವ ಮೊದಲೇ ತೀರಿಕೊಂಡನೆಂದೂ ಅವನೇ ತಿಳಿಸುತ್ತಾನೆ. ಕುಸಿದ ಮೈಯನ್ನು ತುಂಬಿ ಕಟ್ಟದಿದ್ದರೆ ಉಳಿದ ಭಾಗದ ಆಸರೆಯೂ ತಪ್ಪುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ.

1477ರಲ್ಲಿ ಸುಲ್ತಾನ್ ಕಾಯ್ತ್‌ಬೇ ಅದೇ ಸ್ಥಳದಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. ಕಡಲಪಾಲಾದ ಕಲ್ಲುಗಳಲ್ಲಿ 22 ಬೃಹತ್ ತುಂಡುಗಳನ್ನು 2025ರಲ್ಲಿ ಸಂಶೋಧಕರು ಮೇಲೆತ್ತಿದರು; ಕೆಲವು 70–80 ಟನ್ ತೂಕದವು. ಅವನ್ನು ಅಳೆದು, ಗಣಕಯಂತ್ರದಲ್ಲಿ ಗೋಪುರವನ್ನು ಮತ್ತೆ ಜೋಡಿಸಿ ನೋಡುವುದು ಅವರ ಉದ್ದೇಶ.

ಇದು ದೂರದ ಕಥೆಯಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಪ್ರಾಣಹಾನಿಯಾಯಿತು. ಅಲ್ಲಿ ಭೂಕಂಪವೂ ಬೇಕಾಗಲಿಲ್ಲ. ಹಳೆಯ ಗೋಡೆಯ ಬಿರುಕು ತಾನಾಗಿ ಕೂಡಿಕೊಳ್ಳುವುದಿಲ್ಲ. ಅದನ್ನು ಕಂಡ ದಿನವೇ ದುರಸ್ತಿಯ ದಿನ.