ಪಥ್ಯ ಒಬ್ಬರಿಗಲ್ಲ, ಮನೆಗೆ



ಆರೋಗ್ಯವನ್ನು ಕುರಿತ ನಮ್ಮ ಮಾತುಕತೆಗಳಿಗೆ ಬರುವ ಪ್ರಶ್ನೆಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಕಾಣಿಸುತ್ತದೆ. “ತಂದೆಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗಿದೆ. ಅವರು ಏನು ತಿನ್ನಬೇಕು, ಏನು ಬಿಡಬೇಕು?” ಪ್ರಶ್ನೆಯೇನೋ ಸರಿಯೇ. ತೊಡಕಿರುವುದು ‘ಅವರು’ ಎಂಬ ಪದದಲ್ಲಿ. ತಂದೆಗೆ ಒಲೆಯ ಮೇಲೆ ಬೇರೆ ಪಾತ್ರೆ, ಸಪ್ಪೆ ಸಾರು. ಉಳಿದವರಿಗೆ ಎಂದಿನಂತೆ ಬೋಂಡ, ಹಪ್ಪಳ. ಹೀಗೆ ಶುರುವಾದ ಪಥ್ಯ ಎಷ್ಟು ದಿನ ನಡೆದೀತು? ಪಕ್ಕದ ತಟ್ಟೆಯಿಂದ ಬರುವ ಘಮವನ್ನು ದಿನವೂ ಗೆಲ್ಲುವ ಮನೋಬಲ ಎಲ್ಲರಿಗೂ ಇರುವುದಿಲ್ಲ. ಜೊತೆಗೆ, ಅಡುಗೆ ಮಾಡುವವರಿಗೆ ಎರಡು ಪಾಲು ಕೆಲಸ.

ಇನ್ನೊಂದು ಮುಖ್ಯ ಸಂಗತಿಯಿದೆ. ತಂದೆಗೆ ಮಧುಮೇಹ ಬಂದಿದೆಯೆಂದರೆ ನಿಮಗೂ ಅದು ಬರುವ ಸಂಭವ ಇತರರಿಗಿಂತ ಹೆಚ್ಚು. ಇದರಲ್ಲಿ ಅನುವಂಶೀಯತೆಯ ಪಾಲುಂಟು. ಆದರೆ ಗಂಡ ಹೆಂಡತಿಯ ನಡುವೆ ರಕ್ತಸಂಬಂಧವಿಲ್ಲದಿದ್ದರೂ, ಒಬ್ಬರಿಗೆ ಮಧುಮೇಹವಿದ್ದರೆ ಇನ್ನೊಬ್ಬರಿಗೂ ಬರುವ ಅಪಾಯ ಹೆಚ್ಚೆಂದು ಕಂಡುಬಂದಿದೆ. ಅವರಿಬ್ಬರು ಹಂಚಿಕೊಳ್ಳುವುದು ಅಡುಗೆಮನೆಯನ್ನು, ಸೋಫಾವನ್ನು! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು.

ಹೊಸ್ತಿಲಲ್ಲಿ ನಿಂತವರನ್ನು ತಡೆಯಬಹುದೇ? ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದೆ ಇದ್ದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಆಹಾರ ಮತ್ತು ನಡಿಗೆಯ ಕ್ರಮ ಬದಲಿಸಿಕೊಂಡವರಲ್ಲಿ ಈ ಸಂಖ್ಯೆ 39. ಪವಾಡವೇನಲ್ಲ. ಆದರೆ ನೂರರಲ್ಲಿ ಹದಿನಾರು ಮಂದಿ ಎಂದರೆ ಹದಿನಾರು ಮನೆಗಳು.

ನಡಿಗೆಯಿಂದ ಒಳಗೆ ಆಗುವುದೇನು? ಊಟವಾದ ಮೇಲೆ ಅನ್ನ, ಮುದ್ದೆ, ಚಪಾತಿಗಳ ಪಿಷ್ಟವು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದರ ಬಹುಪಾಲನ್ನು ಒಳಗೆ ಕರೆದುಕೊಳ್ಳಬೇಕಾದವು ಸ್ನಾಯುಗಳು. ಅವುಗಳ ಬಾಗಿಲು ತೆರೆಯುವ ಕೀಲಿಕೈ ಇನ್ಸುಲಿನ್. ಮೈಯಲ್ಲಿ, ವಿಶೇಷವಾಗಿ ಹೊಟ್ಟೆಯ ಸುತ್ತ, ಕೊಬ್ಬು ಸೇರಿ ದೇಹ ಜಡವಾದಾಗ ಬೀಗ ತುಕ್ಕು ಹಿಡಿದಂತಾಗಿ ಕೀಲಿ ಸಲೀಸಾಗಿ ತಿರುಗುವುದಿಲ್ಲ. ಸೊಗಸಿರುವುದು ಇಲ್ಲಿ: ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೇ ಗ್ಲೂಕೋಸಿಗೆ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತದೆ! ರಾತ್ರಿ ಊಟದ ನಂತರ ಮನೆಮಂದಿಯೆಲ್ಲ ಕಾಲು ಗಂಟೆ ಬೀದಿಯಲ್ಲಿ ಅಡ್ಡಾಡಿದರೆ ಉಪಯೋಗವಾಗುವುದು ಹೀಗೆ. ವ್ಯಾಯಾಮದಿಂದ ಬೀಗಕ್ಕೆ ಸಿಗುವ ಎಣ್ಣೆಯ ಪರಿಣಾಮ ಒಂದೆರಡು ದಿನ ಮಾತ್ರ ಉಳಿಯುತ್ತದೆ. ಆದ್ದರಿಂದಲೇ ಭಾನುವಾರದ ಒಂದು ದೊಡ್ಡ ನಡಿಗೆಗಿಂತ ದಿನದಿನದ ಚಿಕ್ಕ ನಡಿಗೆ ಮೇಲು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟ, ವ್ಯಾಯಾಮ ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಸಕ್ಕರೆ ತೀರ ಇಳಿದರೂ ಅಪಾಯ.

ನಿಮ್ಮ ವಯಸ್ಸಿನವರಿಗೆ ಕಾಲು ಗಂಟೆ ಸಾಲದು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕಬಡ್ಡಿ, ಸೈಕಲ್, ನೀರು ಹೊರುವುದು, ಎಲ್ಲವೂ ಇದರಲ್ಲಿ ಸೇರುತ್ತವೆ.

ಇನ್ನು ಅಡುಗೆಮನೆ. ಇಲ್ಲಿ ನಿಮ್ಮ ಗಣಿತ ಕೆಲಸಕ್ಕೆ ಬರುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಜನರ ಮನೆಗೆ 20 ಗ್ರಾಂ. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. 30 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ದಾಟಿತೆಂದು ಅರ್ಥ. ಅಂಗಡಿಯಿಂದ ತಂದ ಚಿಪ್ಸ್, ಉಪ್ಪಿನಕಾಯಿಯ ಉಪ್ಪು ಬೇರೆ. ಎಣ್ಣೆಯನ್ನೂ ಹೀಗೆಯೇ ಅಳೆಯಬಹುದು: ತಲೆಗೆ ಸುಮಾರು 25 ಗ್ರಾಂ ಎಂದು ಹಿಡಿದರೆ ನಾಲ್ವರಿಗೆ ತಿಂಗಳಿಗೆ ಮೂರು ಲೀಟರಿಗಿಂತ ತುಸು ಹೆಚ್ಚು. ಉಪ್ಪನ್ನು ಒಮ್ಮೆಲೇ ಕಡಿಮೆ ಮಾಡಿದರೆ ಮನೆಯಲ್ಲಿ ದಂಗೆಯೇ ಆದೀತು. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ರಾಗಿಯ ವಿಷಯದಲ್ಲಿ ಒಂದು ಮಾತು. ರಾಗಿಯನ್ನು ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ತಪ್ಪು. ನೂರು ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಶರ್ಕರಪಿಷ್ಟವೇ. ಅದರ ಹಿರಿಮೆ ನಾರಿನಲ್ಲಿ, 300 ಮಿಲಿಗ್ರಾಮಿಗೂ ಮಿಕ್ಕ ಸುಣ್ಣದ ಅಂಶದಲ್ಲಿ. ಮುದ್ದೆ ಚಿಕ್ಕದಾಗಲಿ, ಸೊಪ್ಪಿನ ಸಾರು, ಕಾಳು, ಕೋಸಂಬರಿ ಹೆಚ್ಚಲಿ. ಇದು ತಂದೆಗೂ ಸರಿ, ಅಜ್ಜಿಗೂ ಸರಿ. ಬೆಳೆಯುವ ನೀವು ಮಾತ್ರ ತೂಕದ ಚಿಂತೆಯಲ್ಲಿ ಹಾಲು, ಬೇಳೆ, ಮೊಟ್ಟೆಗಳನ್ನು ಬಿಡಬೇಡಿ.

ದೂರದರ್ಶನದಲ್ಲಿ ದುಡಿಯುವವನು ಹೇಳಬಾರದ ಮಾತೊಂದನ್ನು ಹೇಳುತ್ತೇನೆ: ಊಟದ ಹೊತ್ತಿಗೆ ಟಿ.ವಿ. ಆರಿಸಿ, ಮೊಬೈಲನ್ನೂ ದೂರ ಇಡಿ. ಕಣ್ಣು ಪರದೆಯ ಮೇಲಿದ್ದಾಗ ಕೈ ಲೆಕ್ಕ ತಪ್ಪುತ್ತದೆ. ಒಟ್ಟಿಗೆ ಕುಳಿತು ಉಣ್ಣುವಾಗ ತಾಯಿಯೂ ಜೊತೆಗೆ ಕೂರಲಿ. ಎಲ್ಲರದೂ ಮುಗಿದ ಮೇಲೆ ತಳದ ಅನ್ನ, ತಿಳಿಸಾರು ಉಣ್ಣುವವರು ಅವರೇ ಅಲ್ಲವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆ ದಕ್ಕುತ್ತದೆ. ಮುಂದಿನ ಸಲ ತಂದೆಯನ್ನು ರಕ್ತಪರೀಕ್ಷೆಗೆ ಕರೆದೊಯ್ಯುವಾಗ ತಾಯಿಯನ್ನೂ ಹೊರಡಿಸಿ, ಅವರ ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಿಸಿ.