ಬಂಧನದಿಂದ ತೀರ್ಪಿನವರೆಗೆ: ಆರೋಪ ಹೊತ್ತ ಅಧ್ಯಾಪಕರ ನೌಕರಿ

ಕೊಲೆ, ಹಲ್ಲೆ, ಅತ್ಯಾಚಾರದಂಥ ಆರೋಪದ ಮೇಲೆ ಅಧ್ಯಾಪಕರೊಬ್ಬರ ಬಂಧನವಾದಾಗ ನ್ಯಾಯಾಲಯಕ್ಕೆ ಎದುರಾಗುವ ಪ್ರಶ್ನೆ ಬೇರೆ, ವಿಶ್ವವಿದ್ಯಾಲಯಕ್ಕೆ ಎದುರಾಗುವ ಪ್ರಶ್ನೆ ಬೇರೆ. ಅಪರಾಧ ಮಾಡಿದವರು ಇವರೇ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆಯೇ ಎಂದು ನ್ಯಾಯಾಲಯ ನೋಡುತ್ತದೆ. ಇವರನ್ನು ತರಗತಿಗೆ ಬಿಡಬಹುದೇ, ಸಂಬಳ ಕೊಡಬೇಕೇ, ಸೇವೆಯಲ್ಲಿ ಉಳಿಸಿಕೊಳ್ಳಬೇಕೇ ಎಂಬುದನ್ನು ವಿಶ್ವವಿದ್ಯಾಲಯ ನಿರ್ಧರಿಸಬೇಕು. ಅದೂ ಸಾಮಾನ್ಯವಾಗಿ ತೀರ್ಪು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ.

ಭಾರತದಲ್ಲಿ ಮೊದಲ ಹೆಜ್ಜೆ ಅಮಾನತು. ಕೇಂದ್ರ ನಾಗರಿಕ ಸೇವೆಗಳ 1965ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ 48 ಗಂಟೆಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದ ನೌಕರರು ಬಂಧನದ ದಿನದಿಂದಲೇ ಅಮಾನತಾದರೆಂದು ಲೆಕ್ಕ. ಕರ್ನಾಟಕದ ಸರ್ಕಾರಿ ಕಾಲೇಜುಗಳ ಅಧ್ಯಾಪಕರು ರಾಜ್ಯದ 1957ರ ನಿಯಮಗಳ ಅಡಿಯಲ್ಲಿ ಬರುತ್ತಾರೆ. ಸಂವಿಧಾನದ 311ನೇ ವಿಧಿಯ ರಕ್ಷಣೆಯೂ ಅವರಿಗೆ ನೇರವಾಗಿ ಸಿಗುತ್ತದೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸರ್ಕಾರಿ ನೌಕರರಲ್ಲವಾದ್ದರಿಂದ ಅವರಿಗೆ ಆಯಾ ವಿಶ್ವವಿದ್ಯಾಲಯದ ಕಾಯ್ದೆ ಮತ್ತು ಪರಿನಿಯಮಗಳೇ ಆಧಾರ.

ಅಮಾನತಾದವರಿಗೆ ಸಂಬಳದ ಬದಲು ಜೀವನಾಧಾರ ಭತ್ಯೆ ಸಿಗುತ್ತದೆ. ಕೇಂದ್ರದ ನಿಯಮದಲ್ಲಿ ಮೊದಲ ಮೂರು ತಿಂಗಳು ಅದು ಅರ್ಧವೇತನ ರಜೆಯ ಸಂಬಳದಷ್ಟು. ಆಮೇಲೆ, ವಿಳಂಬಕ್ಕೆ ನೌಕರರು ಕಾರಣರಲ್ಲದಿದ್ದರೆ ಆ ಮೊತ್ತವನ್ನು ಅದರ ಅರ್ಧದಷ್ಟರವರೆಗೆ ಹೆಚ್ಚಿಸಬಹುದು, ಕಾರಣರಾಗಿದ್ದರೆ ಅಷ್ಟೇ ಇಳಿಸಬಹುದು. ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಅತ್ತ ಅವರ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೇರೆ ಮಾರ್ಗದರ್ಶಕರನ್ನು ಹುಡುಕಬೇಕು, ಪಾಠ ಮತ್ತು ಮೌಲ್ಯಮಾಪನದ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಬೇಕು. ಅಮಾನತು ಶಿಕ್ಷೆಯಲ್ಲ ಎನ್ನುತ್ತದೆ ಸೇವಾ ಕಾನೂನು. ವರ್ಷಗಟ್ಟಲೆ ಅರ್ಧ ಸಂಬಳದಲ್ಲಿ ಕುಳಿತವರಿಗೆ ಈ ಮಾತನ್ನು ನಂಬಿಸುವುದು ಕಷ್ಟ. ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದಕ್ಕೊಂದು ಮಿತಿ ಹಾಕಿತು: ಮೂರು ತಿಂಗಳೊಳಗೆ ದೋಷಾರೋಪಣ ಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸುವಂತಿಲ್ಲ.

ದೂರು ಲೈಂಗಿಕ ದೌರ್ಜನ್ಯದ್ದಾದರೆ ಪೊಲೀಸರಿಗಾಗಿ ಕಾಯಬೇಕಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ರಚನೆಯಾದ ಆಂತರಿಕ ದೂರು ಸಮಿತಿ 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಅಷ್ಟರೊಳಗೆ ದೂರುದಾರ ವಿದ್ಯಾರ್ಥಿನಿಯ ಓದು, ಸಂಶೋಧನೆಗಳ ಮೇಲೆ ಆ ಅಧ್ಯಾಪಕರ ಮೇಲ್ವಿಚಾರಣೆ ಇರದಂತೆ ತಡೆಯಲು ನಿಯಮಗಳಲ್ಲೇ ಅವಕಾಶವಿದೆ.

ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿರುವಾಗಲೇ ಇಲಾಖಾ ವಿಚಾರಣೆ ನಡೆಸಬಹುದೇ ಎಂಬ ಪ್ರಶ್ನೆ ಇಡೀ ವಿಷಯದ ಗಂಟು. ಇದಕ್ಕೆ ಇಂದಿಗೂ ಎಲ್ಲರೂ ಉಲ್ಲೇಖಿಸುವ ತೀರ್ಪು ಕರ್ನಾಟಕದ ಕೋಲಾರ ಚಿನ್ನದ ಗಣಿಯಿಂದ ಬಂದದ್ದು. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಎಂ. ಪಾಲ್ ಆಂಟನಿ ಅವರ ಮನೆಯ ಮೇಲೆ 1985ರಲ್ಲಿ ಪೊಲೀಸ್ ದಾಳಿ ನಡೆದು, 4.5 ಗ್ರಾಂ ಚಿನ್ನದ ಉಂಡೆ ಹಾಗೂ ಚಿನ್ನವಿದ್ದ ಮರಳು ಸಿಕ್ಕಿತೆಂಬ ಆರೋಪ ಬಂತು. ಭತ್ಯೆ ಕೊಡದೆ, ಅವರ ಗೈರಿನಲ್ಲೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಲಾಯಿತು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ, ದಾಳಿಯೇ ಸಾಬೀತಾಗಿಲ್ಲವೆಂದು ಅವರನ್ನು ಖುಲಾಸೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇವೆಗೆ ತೆಗೆದುಕೊಳ್ಳಲು ಹೇಳಿತು. ತೀರ್ಪಿನ ಸಾರ ಇದು: ಎರಡೂ ವಿಚಾರಣೆ ಒಟ್ಟಿಗೆ ನಡೆಯಬಹುದು, ಏಕೆಂದರೆ ಇಲಾಖಾ ವಿಚಾರಣೆಗೆ ಸಾಕ್ಷ್ಯದ ತೂಕ ಯಾವ ಕಡೆಗಿದೆ ಎಂಬುದಷ್ಟೇ ಸಾಕು. ಆದರೆ ಎರಡರ ಸಂಗತಿಗಳೂ ಒಂದೇ ಆಗಿದ್ದು, ಆರೋಪ ಗಂಭೀರವಾಗಿ, ಪ್ರಶ್ನೆಗಳು ಜಟಿಲವಾಗಿದ್ದರೆ ಇಲಾಖಾ ವಿಚಾರಣೆಯನ್ನು ತಡೆಹಿಡಿಯುವುದು ಒಳ್ಳೆಯದು. ಮೊಕದ್ದಮೆ ಎಳೆದಾಡಿದರೆ ಮತ್ತೆ ಆರಂಭಿಸಬಹುದು. ಹಿಂಸಾಚಾರದ ಆರೋಪಗಳು ಹೆಚ್ಚಾಗಿ ಈ ಎರಡನೆಯ ಗುಂಪಿಗೇ ಸೇರುತ್ತವೆ. ಕ್ಯಾಂಪಸ್‌ನ ಹೊರಗೆ ನಡೆದ ಕೊಲೆಯೊಂದರ ಸಾಕ್ಷ್ಯ ಸಂಗ್ರಹಿಸುವ ಅಧಿಕಾರವಾಗಲಿ ಅನುಭವವಾಗಲಿ ವಿಶ್ವವಿದ್ಯಾಲಯದ ವಿಚಾರಣಾಧಿಕಾರಿಗೆ ಇರುವುದಿಲ್ಲ.

ಅಮೆರಿಕದಲ್ಲಿ ಕಾಯಂ ಪ್ರಾಧ್ಯಾಪಕರಿಗೆ ಟೆನ್ಯೂರ್ ರಕ್ಷಣೆ ಇದೆ. 1915ರಲ್ಲಿ ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘದ ನಿಲುವಿನಂತೆ, ಯಾರಿಗಾದರೂ ತಕ್ಷಣದ ಅಪಾಯವಿದ್ದರೆ ಮಾತ್ರ ಅಮಾನತು, ಆಗಲೂ ಪೂರ್ಣ ಸಂಬಳ. ಅಲ್ಲಿನ ಸುಪ್ರೀಂ ಕೋರ್ಟ್ ಅಷ್ಟು ಉದಾರವಾಗಿಲ್ಲ. ಪೆನ್ಸಿಲ್ವೇನಿಯಾದ ಈಸ್ಟ್ ಸ್ಟ್ರೌಡ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೊಲೀಸ್ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ, ಬಂಧನವಾಗಿ ಆರೋಪ ದಾಖಲಾದ ಮೇಲೆ ಮುಂಚಿತವಾಗಿ ಅಹವಾಲು ಕೇಳದೆಯೇ ಸಂಬಳವಿಲ್ಲದೆ ಅಮಾನತಿನಲ್ಲಿಡಬಹುದು, ಆದರೆ ಆಮೇಲೆ ಬೇಗ ಕೇಳಬೇಕು ಎಂದು 1997ರಲ್ಲಿ ಅದು ಹೇಳಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 2017ರಲ್ಲಿ ತೋರಿದ ಜಾಣ್ಮೆ ಗಮನಾರ್ಹ. ಷಿಕಾಗೋದಲ್ಲಿ ನಡೆದ ಕೊಲೆಯೊಂದರ ಆರೋಪಿಯಾಗಿದ್ದ ಪ್ರಾಧ್ಯಾಪಕರನ್ನು ಅದು ವಜಾ ಮಾಡಿತು. ಕೊಟ್ಟ ಕಾರಣ ಕೊಲೆಯಲ್ಲ, ವಾರಂಟ್ ಇದ್ದಾಗ ಪೊಲೀಸರಿಂದ ತಪ್ಪಿಸಿಕೊಂಡು ಓಡಿದ್ದು. ಕೊಲೆ ಸಾಬೀತಾದದ್ದು 2021ರಲ್ಲಿ. ತಾನು ಸಾಬೀತುಪಡಿಸಲಾಗದ ವಿಷಯವನ್ನು ಬಿಟ್ಟು, ಕಣ್ಣೆದುರಿಗಿದ್ದ ನಡತೆಯನ್ನಷ್ಟೇ ಅದು ಹಿಡಿದುಕೊಂಡಿತ್ತು.

ಶಿಕ್ಷೆಯಾದ ಮೇಲೆ ದಾರಿ ಸುಲಭ. ಅಪರಾಧ ಸಾಬೀತಾದ ನಡತೆಯ ಮೇಲೆ ಸರ್ಕಾರಿ ನೌಕರರನ್ನು ಪ್ರತ್ಯೇಕ ವಿಚಾರಣೆಯಿಲ್ಲದೆ ವಜಾ ಮಾಡಲು 311ನೇ ವಿಧಿಯೇ ಅವಕಾಶ ಕೊಡುತ್ತದೆ. ಮೇಲ್ಮನವಿ ಮುಗಿಯುವವರೆಗೆ ಕಾಯಬೇಕಿಲ್ಲ, ಅಲ್ಲಿ ಖುಲಾಸೆಯಾದರೆ ಆದೇಶವನ್ನು ಬದಲಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ನಾಗೂರ್ ಮೀರಾ ಪ್ರಕರಣದಲ್ಲಿ ಹೇಳಿತು. ಓದಲು ಸರಳವಾದ ಈ ಮಾತಿನ ಭಾರ ದೆಹಲಿ ವಿಶ್ವವಿದ್ಯಾಲಯದ ಇಬ್ಬರ ಬದುಕಿನಲ್ಲಿ ಕಾಣುತ್ತದೆ. ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ ಎಸ್.ಎ.ಆರ್. ಗೀಲಾನಿ ಅವರಿಗೆ 2002ರಲ್ಲಿ ಮರಣದಂಡನೆಯಾಯಿತು. 2003ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರು ಮತ್ತೆ ಅರೇಬಿಕ್ ಪಾಠ ಮಾಡಿದರು. ಮಾವೋವಾದಿ ನಂಟಿನ ಆರೋಪದಲ್ಲಿ 2014ರಲ್ಲಿ ಬಂಧಿತರಾದ ಜಿ.ಎನ್. ಸಾಯಿಬಾಬಾ ಅಮಾನತಾದರು. 2017ರಲ್ಲಿ ಜೀವಾವಧಿ ಶಿಕ್ಷೆಯಾಗಿ, 2021ರಲ್ಲಿ ಕಾಲೇಜು ಅವರನ್ನು ಸೇವೆಯಿಂದ ತೆಗೆಯಿತು. 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ನೌಕರಿ ಮರಳಿರಲಿಲ್ಲ.

ಖುಲಾಸೆಯಾದರೂ ಹಳೆಯ ಸಂಬಳ ತಾನಾಗಿ ಬರುವುದಿಲ್ಲ. ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ ವಜಾಗೊಂಡು, ಆಮೇಲೆ ಹೈಕೋರ್ಟ್‌ನಲ್ಲಿ ಖುಲಾಸೆಯಾದ ಗುಜರಾತ್ ವಿದ್ಯುತ್ ಮಂಡಳಿಯ ನೌಕರರೊಬ್ಬರಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ದುಡಿಯದ ಅವಧಿಯ ಸಂಬಳ ಕೇಳುವ ಹಕ್ಕು ಅವರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಸಂಶಯದ ಲಾಭದಿಂದ ಬಿಡುಗಡೆಯಾದವರಿಗೂ ಆರೋಪವೇ ಸುಳ್ಳೆಂದು ಗೌರವಯುತವಾಗಿ ಖುಲಾಸೆಯಾದವರಿಗೂ ನ್ಯಾಯಾಲಯಗಳು ವ್ಯತ್ಯಾಸ ಮಾಡುತ್ತವೆ. ಮೊದಲನೆಯವರ ಮೇಲೆ ಇಲಾಖಾ ವಿಚಾರಣೆ ಆಮೇಲೂ ನಡೆಯಬಹುದು.