ಕಬ್ಬಿಣವೂ ಅತಿವಾಹಕವಾದ ಬಗೆ

ಹುಣಸೂರು, ಪಿರಿಯಾಪಟ್ಟಣ, ಬೆಟ್ಟದಪುರಗಳ ಗುಜರಿ ಅಂಗಡಿಗಳಲ್ಲಿ ತಕ್ಕಡಿಯ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಅಯಸ್ಕಾಂತದ ತುಂಡು ಇರುತ್ತದೆ. ಬಂದ ಸರಕಿಗೆ ಅದನ್ನು ತಾಗಿಸಿ, ಅಂಟಿಕೊಂಡರೆ ಕಬ್ಬಿಣವೆಂದೂ ಅಂಟದಿದ್ದರೆ ತಾಮ್ರವೋ ಹಿತ್ತಾಳೆಯೋ ಇರಬೇಕೆಂದೂ ತಿಳಿದು ಬೇರೆ ಬೇರೆ ದರ ಕಟ್ಟುವುದು ವಾಡಿಕೆ. ಪಂಪ್‌ಸೆಟ್ ಮೋಟಾರುಗಳನ್ನು ರೀವೈಂಡಿಂಗ್ ಮಾಡುವ ನಮ್ಮ ಸದಸ್ಯರಿಗೂ ಇದೇ ವಿಂಗಡಣೆ ಪರಿಚಿತ. ವಿದ್ಯುತ್ತು ಹರಿಯುವುದು ತಾಮ್ರದ ಸುರುಳಿಯಲ್ಲಿ. ಕಾಂತಬಲ ನೆಲೆಗೊಳ್ಳುವುದು ಕಬ್ಬಿಣದ ತಗಡುಗಳಲ್ಲಿ. ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವ ಕೆಲಸಕ್ಕೆ ಕಬ್ಬಿಣವನ್ನು ಯಾರೂ ಆರಿಸುವುದಿಲ್ಲ.

ಭೌತವಿಜ್ಞಾನಿಗಳೂ ಬಹುಕಾಲ ಹೀಗೆಯೇ ನಂಬಿದ್ದರು. ಆ ನಂಬಿಕೆಗೆ 2008ರಲ್ಲಿ ಬಲವಾದ ಪೆಟ್ಟು ಬಿದ್ದಿತು. ಕಬ್ಬಿಣವನ್ನು ಪದರಪದರವಾಗಿ ಹೊಂದಿರುವ ಕೆಲವು ಸಂಯುಕ್ತಗಳು ಲವಲೇಶವೂ ನಷ್ಟವಿಲ್ಲದೆ ವಿದ್ಯುತ್ತನ್ನು ಸಾಗಿಸಬಲ್ಲವೆಂದು ಆಗ ತಿಳಿದುಬಂದಿತು. ಈ ಸಂಗತಿ ನಮ್ಮ ವ್ಯಾಪಾರ ಉದ್ಯಮಗಳಿಗೆ ಎಷ್ಟರಮಟ್ಟಿಗೆ ಪ್ರಸ್ತುತ ಎಂಬುದನ್ನು ಪರಿಶೀಲಿಸುವ ಮುನ್ನ ವಿಷಯದ ತಿರುಳನ್ನು ಅರಿಯುವುದು ಅವಶ್ಯ.

ಅತಿವಾಹಕತೆ ಎಂದರೇನು?

ಹಿಟ್ಟಿನ ಗಿರಣಿಯಲ್ಲಿ ಹೊರೆ ಹೆಚ್ಚಾದಾಗ ತಂತಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ತಂತಿಯೊಳಗೆ ಸಾಗುವ ಎಲೆಕ್ಟ್ರಾನುಗಳು ಅಡೆತಡೆಗೆ ಸಿಲುಕಿ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತವೆ. ಇದನ್ನೇ ವಿದ್ಯುದ್ರೋಧ ಎನ್ನುತ್ತೇವೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್ ಎಂಬ ವಿಜ್ಞಾನಿ ಪಾದರಸವನ್ನು ಅತ್ಯಂತ ಕೆಳಗಿನ ಉಷ್ಣತೆಗೆ ಇಳಿಸಿದಾಗ ಈ ರೋಧವು ಸಂಪೂರ್ಣವಾಗಿ ಮಾಯವಾಯಿತು. ಈ ಗುಣವೇ ಅತಿವಾಹಕತೆ. ಅದು ಕಾಣಿಸಿಕೊಂಡದ್ದು 4.2 ಕೆಲ್ವಿನ್ ಉಷ್ಣತೆಯಲ್ಲಿ. ಸೊನ್ನೆ ಕೆಲ್ವಿನ್ ಎಂದರೆ ನಮ್ಮ ಲೆಕ್ಕದ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 273 ಡಿಗ್ರಿ ಕೆಳಗೆ. 300 ಕೆಲ್ವಿನ್ ಎಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ಮುಂದಿನ ಅಂಕಿಗಳನ್ನು ಈ ಅಳತೆಯಲ್ಲಿಯೇ ಓದಿಕೊಳ್ಳಬೇಕು. ಸಾಮಾನ್ಯ ಉಷ್ಣತೆಯಲ್ಲಿ ಅತ್ಯುತ್ತಮ ವಾಹಕಗಳಾದ ಬೆಳ್ಳಿ, ತಾಮ್ರಗಳು ಎಷ್ಟು ತಣ್ಣಗಾದರೂ ಅತಿವಾಹಕಗಳಾಗುವುದು ಕಂಡುಬಂದಿಲ್ಲವೆಂಬುದು ಸ್ವಾರಸ್ಯಕರ.

ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಒಂಟಿಯಾಗಿ ಸಾಗದೆ ಜೋಡಿಗಳಾಗಿ ಸಾಗುತ್ತವೆ. ಪ್ರತಿಯೊಂದು ಎಲೆಕ್ಟ್ರಾನೂ ಒಂದು ಸೂಕ್ಷ್ಮ ಅಯಸ್ಕಾಂತ. ಜೋಡಿಯಲ್ಲಿ ಒಂದರ ಮುಖ ಮೇಲಿದ್ದರೆ ಇನ್ನೊಂದರದು ಸಾಮಾನ್ಯವಾಗಿ ಕೆಳಗಿರುತ್ತದೆ. ಕಾಂತಗುಣವುಳ್ಳ ಪರಮಾಣುವೊಂದು ಹತ್ತಿರ ಬಂದರೆ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಲು ಯತ್ನಿಸಿ ಜೋಡಿಯನ್ನು ಮುರಿಯುತ್ತದೆ. ಹಳೆಯ ಬಗೆಯ ಕೆಲವು ಅತಿವಾಹಕಗಳಲ್ಲಿ ನೂರಕ್ಕೆ ಒಂದೆರಡು ಪಾಲು ಇಂತಹ ಪರಮಾಣು ಬೆರೆತರೂ ಅತಿವಾಹಕತೆ ನಶಿಸುತ್ತದೆ. ಆದಕಾರಣ ಅತಿವಾಹಕಗಳನ್ನು ಅರಸುವವರು ಕಬ್ಬಿಣದ ತಂಟೆಗೇ ಹೋಗುತ್ತಿರಲಿಲ್ಲ. 2001ರಲ್ಲಿ ಜಪಾನಿನಲ್ಲಿ ಶುದ್ಧ ಕಬ್ಬಿಣವನ್ನೇ ವಾತಾವರಣದ ಒತ್ತಡದ ಒಂದೂವರೆ ಲಕ್ಷ ಪಟ್ಟಿಗೂ ಮಿಕ್ಕಿ ಅದುಮಿದಾಗ ಅದು 2 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಯಿತು. ಆದರೆ ಆ ಒತ್ತಡದಲ್ಲಿ ಕಬ್ಬಿಣವು ತನ್ನ ಕಾಂತಗುಣವನ್ನು ಕಳೆದುಕೊಂಡಿರುತ್ತದೆ. ಹೀಗಾಗಿ ಹಳೆಯ ನಿಯಮಕ್ಕೆ ಭಂಗ ಬಂದಿತೆಂದು ಯಾರೂ ಭಾವಿಸಲಿಲ್ಲ.

ಭಂಗ ತಂದವರು ಟೋಕಿಯೋ ತಂತ್ರಜ್ಞಾನ ಸಂಸ್ಥೆಯ ಹಿಡಿಯೋ ಹೊಸೊನೊ. ಅವರು ಅತಿವಾಹಕಗಳ ತಜ್ಞರೇ ಅಲ್ಲ. ಟಿ.ವಿ. ಮತ್ತು ಮೊಬೈಲುಗಳ ತೆಳು ಪರದೆಗಳಲ್ಲಿ ಇಂದು ಬಳಕೆಯಲ್ಲಿರುವ ಒಂದು ಪಾರದರ್ಶಕ ಅರೆವಾಹಕವು ಅವರ ಪ್ರಯೋಗಶಾಲೆಯ ಕೊಡುಗೆ. ಅಂತಹ ಪದಾರ್ಥಗಳ ಹುಡುಕಾಟದಲ್ಲಿ ತಾಮ್ರವಿರುವ ಒಂದು ಪದರ ಸಂಯುಕ್ತವನ್ನು ತೆಗೆದುಕೊಂಡು, ತಾಮ್ರದ ಜಾಗದಲ್ಲಿ ಕಬ್ಬಿಣವನ್ನಿಟ್ಟು ನೋಡಿದರು. 2006ರಲ್ಲಿ ಲ್ಯಾಂಥನಮ್, ಕಬ್ಬಿಣ, ರಂಜಕ, ಆಮ್ಲಜನಕಗಳ ಸಂಯುಕ್ತವು ಸುಮಾರು 4 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಇದು ಅಷ್ಟಾಗಿ ಗಮನ ಸೆಳೆಯಲಿಲ್ಲ. 2008ರ ಫೆಬ್ರವರಿಯಲ್ಲಿ ರಂಜಕದ ಬದಲು ಆರ್ಸೆನಿಕ್ ಸೇರಿಸಿ, ಆಮ್ಲಜನಕದ ಸ್ವಲ್ಪ ಭಾಗವನ್ನು ಫ್ಲೋರಿನ್‌ನಿಂದ ಬದಲಿಸಿದಾಗ ಈ ಉಷ್ಣತೆ 26 ಕೆಲ್ವಿನ್‌ಗೆ ಏರಿತು. ಆಗ ಜಗತ್ತು ತಿರುಗಿ ನೋಡಿತು.

ನೇಗಿಲ ಸಾಲಿನಂತಹ ಕಾಂತತ್ವ

ಈ ಸಂಯುಕ್ತದಲ್ಲಿ ಕಬ್ಬಿಣದ ಪರಮಾಣುಗಳು ಚದುರಂಗದ ಮಣೆಯಂತೆ ಸಮತಟ್ಟಾದ ಹಾಳೆಯಾಗಿ ಕೂಡಿರುತ್ತವೆ. ಹಾಳೆಯ ಮೇಲೂ ಕೆಳಗೂ ಆರ್ಸೆನಿಕ್ ಪರಮಾಣುಗಳು ಅಂಟಿಕೊಂಡಿರುತ್ತವೆ. ಇಂತಹ ಎರಡು ಹಾಳೆಗಳ ನಡುವೆ ಲ್ಯಾಂಥನಮ್ ಮತ್ತು ಆಮ್ಲಜನಕದ ಮತ್ತೊಂದು ಪದರವಿದೆ. ವಿದ್ಯುತ್ತು ಹರಿಯುವುದು ಕಬ್ಬಿಣದ ಹಾಳೆಯಲ್ಲಿ; ನಡುವಿನ ಪದರದ ಕೆಲಸ ಆ ಹಾಳೆಗೆ ಎಲೆಕ್ಟ್ರಾನುಗಳನ್ನು ಒದಗಿಸುವುದು.

ಫ್ಲೋರಿನ್ ಬೆರೆಸದ ಮೂಲ ಸಂಯುಕ್ತವು ಅತಿವಾಹಕವಲ್ಲ, ಆದರೆ ಅದರಲ್ಲಿ ಕಾಂತತ್ವವಿದೆ. ಅದು ಗುಜರಿ ಅಂಗಡಿಯ ಅಯಸ್ಕಾಂತಕ್ಕೆ ಅಂಟುವ ಬಗೆಯದಲ್ಲ. ಹೊಗೆಸೊಪ್ಪಿನ ಹೊಲವನ್ನು ಎತ್ತು ಕಟ್ಟಿ ಉಳುವಾಗ ನೇಗಿಲು ಒಂದು ಸಾಲಿನಲ್ಲಿ ಮೂಡಣಕ್ಕೆ ಹೋದರೆ ಪಕ್ಕದ ಸಾಲಿನಲ್ಲಿ ಪಡುವಣಕ್ಕೆ ಮರಳುತ್ತದೆ. ಅಂತೆಯೇ ಈ ಹಾಳೆಯ ಒಂದು ಸಾಲಿನ ಕಬ್ಬಿಣದ ಪರಮಾಣುಗಳೆಲ್ಲ ಒಂದು ದಿಕ್ಕಿಗೆ ಮುಖ ಮಾಡಿದರೆ ಪಕ್ಕದ ಸಾಲಿನವು ವಿರುದ್ಧ ದಿಕ್ಕಿಗೆ ಮುಖ ಮಾಡುತ್ತವೆ. ಒಂದನ್ನೊಂದು ಕಳೆಯುವುದರಿಂದ ಹೊರಗೆ ಕಾಂತಬಲ ತೋರುವುದಿಲ್ಲ. ಸುಮಾರು 140 ಕೆಲ್ವಿನ್‌ಗಿಂತ ಕೆಳಗೆ ಈ ಶಿಸ್ತು ಮೂಡುವುದನ್ನು 2008ರಲ್ಲಿಯೇ ನ್ಯೂಟ್ರಾನ್ ಕಿರಣಗಳ ಮೂಲಕ ಪತ್ತೆಹಚ್ಚಲಾಯಿತು.

ಫ್ಲೋರಿನ್ ಸೇರಿಸುತ್ತ ಹೋದಂತೆ ನೇಗಿಲ ಸಾಲಿನ ಈ ಶಿಸ್ತು ಸಡಿಲಗೊಳ್ಳುತ್ತದೆ. ನೂರಕ್ಕೆ ಐದರಷ್ಟು ಆಮ್ಲಜನಕ ಬದಲಾಗುವ ಹೊತ್ತಿಗೆ ಅದು ಅಳಿದು, ಅದೇ ಜಾಗದಲ್ಲಿ ಅತಿವಾಹಕತೆ ತಲೆಯೆತ್ತುತ್ತದೆ. ಹನ್ನೊಂದರ ಆಸುಪಾಸಿನಲ್ಲಿ ಉತ್ತುಂಗ ಮುಟ್ಟುತ್ತದೆ. ಹಾಲಿಗೆ ಹೆಪ್ಪು ಹಾಕುವಂತೆ ಇಲ್ಲಿಯೂ ಪ್ರಮಾಣವೇ ಮುಖ್ಯ. ಬೇರಿಯಂ, ಕಬ್ಬಿಣ, ಆರ್ಸೆನಿಕ್‌ಗಳ ಮತ್ತೊಂದು ಸಂಯುಕ್ತಕ್ಕೆ ಪೊಟ್ಯಾಸಿಯಂ ಬೆರೆಸಿದಾಗ 38 ಕೆಲ್ವಿನ್ ದೊರೆಯಿತು. ಬೆರಕೆಯ ಒಂದು ಕಿರಿದಾದ ಮಿತಿಯಲ್ಲಿ ಅಲ್ಲಿ ಕಾಂತತ್ವ ಮತ್ತು ಅತಿವಾಹಕತೆಗಳೆರಡೂ ಒಟ್ಟಿಗೇ ಇರುತ್ತವೆ! ಪೂರ್ತಿ ಅಳಿಯದೆ ಮಿಡಿಯುತ್ತಿರುವ ಈ ಕಾಂತತ್ವವೇ ಎಲೆಕ್ಟ್ರಾನುಗಳನ್ನು ಜೋಡಿಸುವ ಅಂಟು ಎಂಬುದು ಬಹುಪಾಲು ತಜ್ಞರ ಅಭಿಪ್ರಾಯ. ಹಗೆಯೆಂದು ದೂರವಿಟ್ಟಿದ್ದವನೇ ಮದುವೆಯ ದಲ್ಲಾಳಿಯಾದಂತಾಯಿತು. ಆದರೆ ಈ ವಿವರಣೆ ಎಲ್ಲರಿಗೂ ಒಪ್ಪಿತವಾಗುವಂತೆ ಇನ್ನೂ ಸಿದ್ಧವಾಗಿಲ್ಲ.

ಬೆಂಗಳೂರಿನ ಪಾಲು

ಪದರ ಸಂಯುಕ್ತಗಳ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಹಳೆಯ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಪ್ರೊ. ಸಿ.ಎನ್.ಆರ್. ರಾವ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಾಮ್ರ ಹಾಗೂ ನಿಕ್ಕಲ್‌ಗಳ ಪದರ ಆಕ್ಸೈಡುಗಳ ಕಾಂತಗುಣವನ್ನು 1980ರ ದಶಕದ ಆರಂಭದಲ್ಲಿಯೇ ಅಭ್ಯಸಿಸಿದ್ದರು. 1987ರಲ್ಲಿ ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡು 90 ಕೆಲ್ವಿನ್‌ಗೂ ಮೇಲೆ ಅತಿವಾಹಕವಾಗುವುದು ಅಮೆರಿಕದಲ್ಲಿ ಪ್ರಕಟವಾದಾಗ, ಅದಕ್ಕೆ ಕಾರಣವಾದ ಸಂಯುಕ್ತ ಯಾವುದೆಂದು ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನದೂ ಒಂದು. ಆ ವರ್ಷ ಅಮೆರಿಕದ ಶೋಧದಲ್ಲಿ ಭಾಗಿಯಾಗಿದ್ದ ಮೌ-ಕುಯೆನ್ ವು ಎಂಬವರೇ 2008ರಲ್ಲಿ ತೈವಾನಿನಲ್ಲಿ ಕಬ್ಬಿಣ ಮತ್ತು ಸೆಲೆನಿಯಂ ಮಾತ್ರವಿರುವ ಸರಳ ಪದರ ಸಂಯುಕ್ತವು 8 ಕೆಲ್ವಿನ್‌ನಲ್ಲಿ ಅತಿವಾಹಕವಾಗುವುದನ್ನು ತೋರಿಸಿಕೊಟ್ಟರು.

ಈ ಸಂಯುಕ್ತದಲ್ಲಿ ಸಾಧಾರಣ ಒತ್ತಡದಲ್ಲಿ ನೇಗಿಲ ಸಾಲಿನ ಶಿಸ್ತು ಕಾಣುವುದಿಲ್ಲ. ಹಾಗಾದರೆ ಕಾಂತತ್ವ ಎಲ್ಲಿ ಹೋಯಿತು? ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ. ಸೂದ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಪ್ರೊ. ಉಮೇಶ್ ವಾಘ್ಮಾರೆ ಮತ್ತು ಅವರ ಸಹೋದ್ಯೋಗಿಗಳು ದೆಹಲಿಯ ವಿಜ್ಞಾನಿಗಳೊಡಗೂಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಸಂಬಂಧಿಸಿದ್ದು. ಅವರು ಬಳಸಿದ ಉಪಕರಣ ರಾಮನ್ ಪರಿಣಾಮ: ಪದಾರ್ಥದ ಮೇಲೆ ಬೆಳಕು ಬೀರಿ, ಚದುರಿದ ಬೆಳಕಿನಿಂದ ಪರಮಾಣುಗಳ ಕಂಪನವನ್ನು ಅಳೆಯುವ ವಿಧಾನ. ಉಷ್ಣತೆಯನ್ನು 300ರಿಂದ 3 ಕೆಲ್ವಿನ್‌ವರೆಗೆ ಇಳಿಸಿದಾಗ, ಸುಮಾರು 100 ಕೆಲ್ವಿನ್‌ಗಿಂತ ಕೆಳಗೆ ಒಂದು ಕಂಪನದ ವೇಗ ನೂರಕ್ಕೆ ಐದರಷ್ಟು ತೀವ್ರವಾಗಿ ಏರಿತು. ಕಬ್ಬಿಣದ ಪರಮಾಣುಗಳ ನಡುವೆ ಅಲ್ಪ ದೂರದ ಮಟ್ಟಿಗೆ ಕಾಂತಶಿಸ್ತು ಮೂಡಿ, ಅದು ಕಂಪನವನ್ನು ಬಿಗಿಗೊಳಿಸುತ್ತಿದೆ ಎಂದು ಅವರು ವಿವರಿಸಿದರು. ಇಡೀ ಹೊಲಕ್ಕೆ ಸಾಲು ಬಿದ್ದಿರಲಿಲ್ಲ, ಆದರೆ ಅಲ್ಲಲ್ಲಿ ಗೆರೆ ಮೂಡಿತ್ತು. 1933ರಲ್ಲಿ ಅದೇ ಸಂಸ್ಥೆಯ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಅವರ ಶೋಧವೇ ಇದಕ್ಕೆ ಒದಗಿಬಂದುದು ಹೆಮ್ಮೆಯ ಸಂಗತಿ.

ಉದ್ಯಮದ ದೃಷ್ಟಿಯಿಂದ

ಇನ್ನು ಲಾಭನಷ್ಟದ ಮಾತು. ಊರಿನ ವಿದ್ಯುತ್ ಮಾರ್ಗದಲ್ಲಿ ತಾಮ್ರ, ಅಲ್ಯೂಮಿನಿಯಂ ತಂತಿಗಳ ಬದಲು ಕಬ್ಬಿಣದ ಅತಿವಾಹಕ ಬರುತ್ತದೆಂದು ನಿರೀಕ್ಷಿಸುವಂತಿಲ್ಲ. ಅಗ್ಗವಾಗಿ ದೊರೆಯುವ ದ್ರವ ಸಾರಜನಕದ ಉಷ್ಣತೆ 77 ಕೆಲ್ವಿನ್. ಗಟ್ಟಿ ರೂಪದಲ್ಲಿ ತಯಾರಾಗುವ ಕಬ್ಬಿಣದ ಅತಿವಾಹಕಗಳ ಮಿತಿ ಸುಮಾರು 55 ಕೆಲ್ವಿನ್. ಆದುದರಿಂದ ದ್ರವ ಹೀಲಿಯಂ, ದ್ರವ ಜಲಜನಕ ಅಥವಾ ವಿಶೇಷ ಶೀತಕ ಯಂತ್ರವೇ ಬೇಕು. ಆರ್ಸೆನಿಕ್ ವಿಷಪದಾರ್ಥವಾದ್ದರಿಂದ ತಯಾರಿಕೆಯಲ್ಲಿ ಕಟ್ಟೆಚ್ಚರವೂ ಅನಿವಾರ್ಯ.

ಇವುಗಳ ನಿಜವಾದ ಮಾರುಕಟ್ಟೆ ಪ್ರಬಲ ಅಯಸ್ಕಾಂತಗಳದು. ಮೈಸೂರಿನ ಆಸ್ಪತ್ರೆಗಳಲ್ಲಿ ನಾವು ನೋಡುವ ಎಂಆರ್‌ಐ ಯಂತ್ರಗಳು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಬಲದವು. ಅವುಗಳ ಸುರುಳಿ ನಯೋಬಿಯಂ-ಟೈಟಾನಿಯಂ ಮಿಶ್ರಲೋಹದ್ದು. ಕಬ್ಬಿಣದ ಅತಿವಾಹಕಗಳಲ್ಲಿ ಕೆಲವು 50 ಟೆಸ್ಲಾಗೂ ಮೇಲ್ಪಟ್ಟ ಕಾಂತಬಲದಲ್ಲಿ ತಮ್ಮ ಗುಣವನ್ನು ಬಿಡುವುದಿಲ್ಲ. ಮನೆಯ ವೈರಿಂಗಿನ ಒಂದು ಚದರ ಮಿಲಿಮೀಟರ್ ತಾಮ್ರದಲ್ಲಿ ನಾವು ಹತ್ತು ಆಂಪಿಯರ್ ಆಸುಪಾಸು ಹರಿಸುತ್ತೇವೆ. 2014ರ ಹೊತ್ತಿಗೆ ಈ ಹೊಸ ಪಟ್ಟಿಗಳ ಅತಿವಾಹಕ ಭಾಗದಲ್ಲಿ, 4.2 ಕೆಲ್ವಿನ್ ಉಷ್ಣತೆ ಮತ್ತು 10 ಟೆಸ್ಲಾ ಕಾಂತಬಲದಲ್ಲಿ, ಅಷ್ಟೇ ದಪ್ಪಕ್ಕೆ ಸಾವಿರ ಆಂಪಿಯರ್ ಹರಿಸಲಾಯಿತು.

ತಯಾರಿಕಾ ವಿಧಾನ ನಮ್ಮ ಸಣ್ಣ ಉದ್ಯಮಿಗಳಿಗೆ ಅಪರಿಚಿತವೇನಲ್ಲ. ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ಗಿಡಿದು, ಡೈಗಳ ಮೂಲಕ ತಂತಿಯಾಗಿ ಎಳೆದು, ರೋಲರಿನಲ್ಲಿ ಚಪ್ಪಟೆ ಮಾಡಿ ಕುಲುಮೆಯಲ್ಲಿ ಕಾಯಿಸುವುದು. ತಾಮ್ರದ ಆಕ್ಸೈಡುಗಳಲ್ಲಿ ಪಕ್ಕಪಕ್ಕದ ಹರಳುಗಳು ಮೂರರಿಂದ ಐದು ಡಿಗ್ರಿ ಓರೆಯಾದರೆ ವಿದ್ಯುತ್ತಿನ ಹರಿವು ಕುಗ್ಗತೊಡಗುತ್ತದೆ. ಕಬ್ಬಿಣದ ಸಂಯುಕ್ತವು ಒಂಬತ್ತು ಡಿಗ್ರಿಯವರೆಗೆ ತಾಳಿಕೊಳ್ಳುತ್ತದೆ. ಕೈಗಾರಿಕೆಗೆ ಈ ಸಹನೆ ದೊಡ್ಡ ಅನುಕೂಲ. 2016ರಲ್ಲಿ ಚೀನಾದ ವಿಜ್ಞಾನ ಅಕಾಡೆಮಿಯ ವಿದ್ಯುತ್ ತಂತ್ರಜ್ಞಾನ ಸಂಸ್ಥೆಯು 100 ಮೀಟರ್ ಉದ್ದದ ತಂತಿಯನ್ನು ತಯಾರಿಸಿತು.

ಅತಿವಾಹಕದ ಹೆಸರಿನಲ್ಲಿ ಹಣ ಹೂಡಲು ಕರೆ ಬಂದಾಗ ಸದಸ್ಯರು ಮೂರು ಪ್ರಶ್ನೆ ಕೇಳುವುದು ಒಳಿತು: ರೋಧ ನಿಜಕ್ಕೂ ಸೊನ್ನೆಯಾಗಿದೆಯೇ, ಪದಾರ್ಥವು ತನ್ನೊಳಗಿಂದ ಕಾಂತಬಲವನ್ನು ಹೊರದೂಡುತ್ತದೆಯೇ, ಬೇರೆ ಪ್ರಯೋಗಶಾಲೆಯವರು ಅದನ್ನು ಮಾಡಿ ತೋರಿಸಿದ್ದಾರೆಯೇ? 2018ರಲ್ಲಿ ಬೆಂಗಳೂರಿನಿಂದಲೇ ಚಿನ್ನ-ಬೆಳ್ಳಿಯ ಸೂಕ್ಷ್ಮ ಕಣಗಳು 236 ಕೆಲ್ವಿನ್‌ನಲ್ಲಿ ಅತಿವಾಹಕವೆಂಬ ಪ್ರತಿಪಾದನೆ ಬಂದಿತ್ತು. ಅದು ಸರ್ವಸಮ್ಮತವಾಗಿ ದೃಢಪಡಲಿಲ್ಲ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದವರು ಮುಂದಿಟ್ಟ ಪದಾರ್ಥದಲ್ಲಿ ರೋಧ ಥಟ್ಟನೆ ಕುಸಿಯಲು ಅದರೊಳಗಿನ ತಾಮ್ರದ ಸಲ್ಫೈಡಿನ ಕಲಬೆರಕೆಯೇ ಕಾರಣವೆಂದು ತಿಂಗಳೊಳಗೆ ಗೊತ್ತಾಯಿತು. ಕಬ್ಬಿಣದ ಕಥೆ ಬೇರೆ. ಹೊಸೊನೊ ಅವರ ಲೇಖನ ಹೊರಬಂದ ಕೆಲವೇ ವಾರಗಳಲ್ಲಿ ಇತರ ದೇಶಗಳವರು ಅದೇ ಪುಡಿಯನ್ನು ತಾವೇ ಕಾಯಿಸಿ ಅದೇ ಫಲಿತಾಂಶ ಪಡೆದರು. ಲ್ಯಾಂಥನಮ್ ಬದಲು ಸಮೇರಿಯಂ ಸೇರಿಸಿ, ಏಪ್ರಿಲ್ ವೇಳೆಗೆ ಬೀಜಿಂಗಿನವರು 55 ಕೆಲ್ವಿನ್ ಮುಟ್ಟಿದ್ದರು.